ಹುಳುಮನೆಯ ಮಾತಿನ ಪೆಟ್ಟಿಗೆ

ರೊಳ್ಳ
11 ನವೆಂಬರ್ 2024

ಪೆಟ್ಟಿಗೆ ಮಾಡಿದ ವಾಗೀಶ್ ಅವರಿಗೆ,

ನಮಸ್ಕಾರ. ನಾನು ಅಂಜನಾ. ಮಡಕಶಿರಾದಲ್ಲಿ ರೇಷ್ಮೆ ಸಾಮಾನು ಮಾರುವ ಹನುಮಂತರಾಯಪ್ಪನವರ ಅಂಗಡಿಯಿಂದ ನಿಮ್ಮ ಮಾತಾಡುವ ಪೆಟ್ಟಿಗೆ ಕೊಂಡವಳು. ಎಷ್ಟು ಸಲ ಫೋನ್ ಮಾಡಿದರೂ ನೀವು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ನನ್ನದು ಕೀಪ್ಯಾಡ್ ಫೋನು, ಯಜಮಾನರ ಫೋನು ಅವರ ಜೊತೆ ಬೋರ್‌ವೆಲ್ ಲಾರಿಯಲ್ಲಿ ಊರೂರು ಸುತ್ತುತ್ತಿರುತ್ತದೆ. ಹನುಮಂತರಾಯಪ್ಪನವರನ್ನು ಕೇಳಿದರೆ, ‘ಆ ರಾಯದುರ್ಗದವರು ಫೋನ್ ಎತ್ತಲ್ಲಮ್ಮ, ಕಾಗದ ಬರೆದು ಪೆಟ್ಟಿಗೆ ಒಳಗೇ ಇಡು, ಬಸ್ಸಿನ ಪಾರ್ಸಲ್‌ಗೆ ಹಾಕ್ತೀನಿ’ ಅಂದರು. ಅಷ್ಟು ದೊಡ್ಡ ಮನುಷ್ಯರು ಅಂತ ನನಗೆ ಗೊತ್ತಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮ ಹುಳುಮನೆ ಒಂದೇ ಕೋಣೆಯದು, ಶೀಟಿನ ಮಾಡು. ಚಳಿಗಾಲದಲ್ಲಿ ರೇಷ್ಮೆ ಹುಳುಗಳಿಗೆ ಕಾವು ಸಾಲುವುದಿಲ್ಲ. ಮೊದಲೆಲ್ಲ ಇದ್ದಿಲ ಒಲೆ ಇಡುತ್ತಿದ್ದೆವು. ನಿಮ್ಮ ಪೆಟ್ಟಿಗೆ ಬಂದ ಮೇಲೆ ಹೀಟರನ್ನು ಅದೇ ಹಾಕುತ್ತದೆ, ಅದೇ ಆರಿಸುತ್ತದೆ, ಗುಂಡಿ ಒತ್ತಿದರೆ ಕಾವು ಎಷ್ಟಿದೆ ಅಂತ ಬಾಯಿಬಿಟ್ಟು ಹೇಳುತ್ತದೆ. ನಮ್ಮತ್ತೆ ಜುಂಜಮ್ಮನವರಿಗೆ ಓದಲು ಬರುವುದಿಲ್ಲ, ಮಾತಾಡುವ ಪೆಟ್ಟಿಗೆಯೇ ಬೇಕೆಂದದ್ದು ಅವರಿಗಾಗಿ. ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ಮನೆಯವರೂ ಪ್ರತಿ ಸಲ ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ತೊಳೆದೇ ಒಳಗೆ ಹೋಗಬೇಕು. ಮೊಣಕಾಲು ನೋವಿನವರು ಎಷ್ಟು ಸಲ ತೊಳೆದಾರು ಅಂತ ಗುಂಡಿಯನ್ನು ಉದ್ದ ವೈರಿನಲ್ಲಿ ಹೊರಗೆ ಬಾಗಿಲ ಪಕ್ಕಕ್ಕೆ ಕೊಡಿಸಿಕೊಂಡೆವು.

ಇಷ್ಟೆಲ್ಲ ಇದ್ದೂ ಹೋದ ಬೆಳೆ ಪೂರ್ತಿ ಹೋಯಿತು. ಹುಳುಗಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಸೊಪ್ಪು ತಿಂದು ತಿಂದು ಬೆಳೆಯಬೇಕಾದ ಹೊತ್ತಿನಲ್ಲಿ ತಿನ್ನುವುದನ್ನೇ ಬಿಟ್ಟು ಮೆತ್ತಗಾದವು. ಸಪ್ಪೆ ರೋಗ. ಕಾವು ವಿಪರೀತವಾದರೆ ಹೀಗಾಗುತ್ತದೆ. ಕಾವು ನೋಡಿಕೊಳ್ಳುವುದು ನಿಮ್ಮ ಪೆಟ್ಟಿಗೆಯ ಕೆಲಸ. ಕಳಿಸಿದ್ದೇನೆ, ಏನಾಗಿದೆ ನೋಡಿ.

ನಮ್ಮ ಯಜಮಾನರು ರಾಮಾಂಜಿ ಇನ್ನೊಂದೆರಡು ಬೆಳೆ ನೋಡುತ್ತಾರಂತೆ. ಆಮೇಲೂ ಹೀಗೇ ಆದರೆ ಹಿಪ್ಪುನೇರಳೆ ಕಿತ್ತುಹಾಕಿ, ನನ್ನನ್ನು ಬೆಳಗ್ಗೆ ಬರುವ ಗಾರ್ಮೆಂಟ್ಸ್ ವ್ಯಾನು ಹತ್ತಿಸುತ್ತಾರೆ. ನನಗೆ ಆ ವ್ಯಾನು ಬೇಡ. ಈ ಹುಳುಗಳು ಬೇಕು. ಅದಕ್ಕೇ ಇಷ್ಟು ಉದ್ದ ಬರೆದೆ.

ಅಂಜನಾ


ರಾಯದುರ್ಗ
14 ನವೆಂಬರ್ 2024

ಶ್ರೀಮತಿ ಅಂಜನಾ ಅವರಿಗೆ ನಮಸ್ಕಾರಗಳು.

ಪೆಟ್ಟಿಗೆ ತಲುಪಿತು, ಪತ್ರವೂ ತಲುಪಿತು. ಬೆಳೆ ಹೋದದ್ದನ್ನು ಓದಿ ಬಹಳ ಬೇಜಾರಾಯಿತು. ಫೋನಿನ ಬಗ್ಗೆ ಬರೆದಿದ್ದೀರಿ. ಇಲ್ಲಿ ಸುತ್ತಮುತ್ತ ಜೀನ್ಸ್ ಹೊಲಿಯುವ ಶೆಡ್ಡುಗಳಿವೆ. ಆ ಹೊಲಿಗೆ ಮಿಷಿನ್‌ಗಳ ಬೋರ್ಡು ರಿಪೇರಿ ನನ್ನ ಹೊಟ್ಟೆಪಾಡು. ಆ ಸದ್ದಿನಲ್ಲಿ ರಿಂಗು ಕೇಳಿಸುವುದಿಲ್ಲ. ದಯವಿಟ್ಟು ಬರೆಯಿರಿ, ತಪ್ಪದೆ ಉತ್ತರ ಕೊಡುತ್ತೇನೆ.

ಪೆಟ್ಟಿಗೆಯನ್ನು ಬಿಚ್ಚಿ ನೋಡಿದೆ. ಎಲ್ಲೂ ಸುಟ್ಟಿಲ್ಲ, ಸಡಿಲವಾಗಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆಂದು ಹೇಳಿದರೆ ತಪ್ಪು ಹುಡುಕಲು ನೀವೂ ನೆರವಾಗಬಹುದು. ಪೆಟ್ಟಿಗೆಗೆ ಇರುವುದು ಒಂದೇ ತಲೆ. ಒಂದು ಸಲಕ್ಕೆ ಒಂದೇ ಕೆಲಸ ಮಾಡಬಲ್ಲದು. ಮಾಡಬೇಕಾದದ್ದು ಮಾತ್ರ ಹಲವು: ಕಾವು ಅಳೆಯಬೇಕು, ಹೀಟರ್ ಹಾಕಿ ಆರಿಸಬೇಕು, ಗಾಳಿಯ ತೇವ ನೋಡಬೇಕು, ಕೇಳಿದವರಿಗೆ ಉತ್ತರ ಹೇಳಬೇಕು. ಆದ್ದರಿಂದ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬ ಸರದಿಯನ್ನು ನಾನೇ ಕೂತು ಗೊತ್ತುಮಾಡಿದ್ದೇನೆ. ಇಂಥ ಯಂತ್ರಗಳಲ್ಲಿ ಸರದಿಯೇ ಪ್ರಾಣ. ಸರಿಯಾದ ಉತ್ತರವೂ ತಡವಾಗಿ ಬಂದರೆ ಅದು ತಪ್ಪು ಉತ್ತರ ಎಂದು ಡಿಪ್ಲೊಮಾದಲ್ಲಿ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಆ ಮಾತು ನನಗೆ ಚೆನ್ನಾಗಿ ನಾಟಿದೆ.

ನನ್ನ ಪೆಟ್ಟಿಗೆಯಲ್ಲಿ ಮನುಷ್ಯರು ಗುಂಡಿ ಒತ್ತಿದರೆ ಅವರಿಗೇ ಮೊದಲ ಮರ್ಯಾದೆ. ಕೇಳಿದವರನ್ನು ಕಾಯಿಸುವುದು ನನಗೆ ಸರಿಬರುವುದಿಲ್ಲ. ಒಂದು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಕೋಣೆಯೇನೂ ಕಾದು ಹೋಗುವುದಿಲ್ಲ. ಉತ್ತರ ಮುಗಿದ ಕೂಡಲೇ ಮಿಕ್ಕ ಕೆಲಸಗಳು ತಮ್ಮ ಸರದಿಯಂತೆ ನಡೆಯುತ್ತವೆ. ಇಲ್ಲಿ ನನ್ನ ಟೇಬಲ್ಲಿನ ಮೇಲೆ ಎಲ್ಲವೂ ಸರಿಯಾಗಿಯೇ ನಡೆಯುತ್ತಿದೆ. ಹೊಸ ಫ್ಯೂಸು ಹಾಕಿ ವಾಪಸು ಕಳಿಸುತ್ತಿದ್ದೇನೆ.

ಇಂತಿ,
ವಾಗೀಶ್


ರೊಳ್ಳ
22 ನವೆಂಬರ್ 2024

ವಾಗೀಶ್ ಅವರಿಗೆ,

ಪೆಟ್ಟಿಗೆ ಬಂತು. ಹೊಸ ಬೆಳೆಗೆ ಮರಿಹುಳು ತಂದು ಬಿಟ್ಟಿದ್ದೇವೆ. ನಿಮ್ಮ ಸರದಿಯ ಪಾಠವನ್ನು ಎರಡು ಸಲ ಓದಿದೆ. ನನ್ನ ತಲೆಯೂ ಒಂದೇ, ಬೆಳಗಿನಿಂದ ನನಗೂ ಹಲವು ಕೆಲಸ, ಆದರೆ ನನಗೆ ಯಾರೂ ಸರದಿ ಗೊತ್ತುಮಾಡಿಕೊಟ್ಟಿಲ್ಲ.

ಒಂದು ವಿಚಿತ್ರ ನೋಡಿದೆ. ಹಗಲೆಲ್ಲ ಪೆಟ್ಟಿಗೆ ಹೇಳುವುದೂ ಗೋಡೆಗೆ ತೂಗುಹಾಕಿದ ಥರ್ಮಾಮೀಟರು ತೋರಿಸುವುದೂ ಒಂದೇ. ಸಂಜೆ ನಾನು ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿರುತ್ತೇನೆ, ಅತ್ತೆ ಬಾಗಿಲಲ್ಲಿ ಕೂತಿರುತ್ತಾರೆ. ಸೊಪ್ಪಿನ ಹೊರೆ ಇಳಿಸಿ ಒಳಗೆ ಹೋದರೆ ಮುಖಕ್ಕೆ ಕಾವು ಹೊಡೆಯುತ್ತದೆ. ಥರ್ಮಾಮೀಟರು ಮೂವತ್ತನಾಲ್ಕು ಅನ್ನುತ್ತದೆ. ಅತ್ತೆಯನ್ನು ಕೇಳಿದರೆ, ‘ಈಗ ತಾನೆ ಕೇಳ್ದೆ ಕಣವ್ವ, ಇಪ್ಪತ್ತಾರು ಅಂತು, ಹುಳ ಚೆನ್ನಾಗವೆ ಅಂತು’ ಅನ್ನುತ್ತಾರೆ. ಪೆಟ್ಟಿಗೆ ಸುಳ್ಳು ಹೇಳುತ್ತಿದೆಯೋ, ಥರ್ಮಾಮೀಟರು ಸುಳ್ಳು ಹೇಳುತ್ತಿದೆಯೋ, ಅತ್ತೆಯ ಕಿವಿಯೋ, ನನ್ನ ಕಣ್ಣೋ, ಒಂದೂ ತಿಳಿಯುತ್ತಿಲ್ಲ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತದೆ.

ಅಂದ ಹಾಗೆ ಅತ್ತೆಗೆ ಪೆಟ್ಟಿಗೆಯ ಮೇಲೆ ಜೀವ. ಅದು ‘ಹೇಳ್ತೀನ್ರಿ ಅವ್ವಾ, ಕಾವು ಇಪ್ಪತ್ತಾರು, ತೇವ ಎಂಬತ್ತು, ಹುಳ ಚಲೋ ಅದಾವ್ರಿ’ ಅನ್ನುತ್ತದಲ್ಲ, ನಮ್ಮ ಕಡೆ ಯಾರೂ ಮಾತಿಗೊಂದು ‘ರಿ’ ಹಾಕಿ ಮಾತಾಡುವುದಿಲ್ಲ. ಹೆತ್ತ ಮಗನೇ ಅವರಿಗೆ ಅಷ್ಟು ಮರ್ಯಾದೆ ಕೊಟ್ಟಿಲ್ಲ. ಯಾರ ಧ್ವನಿ ಅದು? ಒಳ್ಳೆಯ ಮನೆಯಲ್ಲಿ ಬೆಳೆದವರಿರಬೇಕು, ಮಾತು ನೀರು ಹರಿದ ಹಾಗೆ ಹರಿಯುತ್ತದೆ ಅಂತ ಅತ್ತೆ ಹೇಳುತ್ತಿರುತ್ತಾರೆ.

ಅಂಜನಾ


ರಾಯದುರ್ಗ
25 ನವೆಂಬರ್ 2024

ಅಂಜನಾ ಅವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಓದಿದಾಗಿನಿಂದ ತಲೆ ಕೆಟ್ಟುಹೋಗಿದೆ. ಪೆಟ್ಟಿಗೆ ಒಂದು ಹೇಳಿ ಥರ್ಮಾಮೀಟರು ಇನ್ನೊಂದು ತೋರಿಸುವುದಾದರೆ, ಕಾವು ಅಳೆಯುವ ಸೆನ್ಸಾರ್ ಕೆಟ್ಟಿರಬೇಕು. ಆದರೆ ಕೆಟ್ಟದ್ದು ಹಗಲೂ ಕೆಟ್ಟಿರಬೇಕಲ್ಲ? ಸಂಜೆ ಮಾತ್ರ ಕೆಡುವುದೆಂದರೆ ಏನರ್ಥ? ಸಂಜೆ ಊರೆಲ್ಲ ಲೈಟು ಹಾಕಿದಾಗ ವೋಲ್ಟೇಜ್ ಬೀಳುತ್ತದೆ, ಅದಕ್ಕೆ ಪೆಟ್ಟಿಗೆ ತಬ್ಬಿಬ್ಬಾಗುತ್ತಿರಬಹುದು ಎಂದು ನನ್ನ ಊಹೆ. ಹೊಸ ಸೆನ್ಸಾರ್ ಒಂದನ್ನೂ ಸಣ್ಣ ಸ್ಟೆಬಿಲೈಸರ್ ಒಂದನ್ನೂ ಕಳಿಸುತ್ತಿದ್ದೇನೆ. ಸೆನ್ಸಾರಿನ ಮೂರು ವೈರುಗಳನ್ನು ಬಣ್ಣ ನೋಡಿ ಸೇರಿಸಿದರೆ ಸಾಕು.

ಧ್ವನಿ ನನಗೆ ಗೊತ್ತಿರುವ ಒಬ್ಬರದು. ಅವರು ಹೆಚ್ಚು ಮಾತಾಡುವವರಲ್ಲ. ಅವ್ವನವರ ಮೆಚ್ಚುಗೆಯನ್ನು ಅವರಿಗೆ ತಲುಪಿಸುತ್ತೇನೆ. ಅವರಿಗೆ ಬಹಳ ಸಂತೋಷವಾಗುತ್ತದೆ.

ಇಂತಿ,
ವಾಗೀಶ್


ರೊಳ್ಳ
8 ಡಿಸೆಂಬರ್ 2024

ವಾಗೀಶ್ ಅವರಿಗೆ,

ಎರಡನೇ ಬೆಳೆಯೂ ಹೋಯಿತು.

ನಿಮ್ಮ ಸೆನ್ಸಾರ್ ಹಾಕಿದೆ, ಬಣ್ಣ ನೋಡಿಯೇ ಹಾಕಿದೆ. ಸ್ಟೆಬಿಲೈಸರ್ ಇಟ್ಟೆ. ಮಳೆ ಹಿಡಿದಿದ್ದ ನಾಲ್ಕು ದಿನ ಚೆನ್ನಾಗಿತ್ತು. ಆಮೇಲೆ ಸಂಜೆ ಸಂಜೆ ಅದೇ ಕಥೆ. ಒಂದು ಸಂಜೆ ಮೂವತ್ತಾರು. ಪೆಟ್ಟಿಗೆ ಮಾತ್ರ ‘ಹುಳ ಚಲೋ ಅದಾವ್ರಿ’ ಅಂತ ಬಾಯಿಪಾಠ ಒಪ್ಪಿಸುತ್ತಿತ್ತು. ಹುಳುಗಳನ್ನು ಬುಟ್ಟಿಗೆ ತುಂಬಿ ಗುಂಡಿ ತೋಡಿ ಹೂಳಿದೆ. ಹಿಂದಿನ ದಿನ ನನ್ನ ಕೈಯಿಂದ ಸೊಪ್ಪು ತಿಂದವು ಅವು. ಅಳು ಬಂತು, ಅತ್ತೆಯ ಎದುರಿಗೆ ಅಳಬಾರದು ಅಂತ ತೋಟಕ್ಕೆ ಹೋದೆ.

ನಿಮ್ಮ ಟೇಬಲ್ಲಿನ ಮೇಲೆ ಎಲ್ಲ ಸರಿ ಅಂತೀರಿ. ನಿಮ್ಮ ಟೇಬಲ್ಲಿನ ಮೇಲೆ ಹುಳು ಇಲ್ಲವಲ್ಲ. ಪೆಟ್ಟಿಗೆಯನ್ನು ಇನ್ನೊಂದು ಸಲ ಕಳಿಸುತ್ತಿದ್ದೇನೆ. ಯಜಮಾನರು ಅದನ್ನು ಹನುಮಂತರಾಯಪ್ಪನವರ ಅಂಗಡಿಯಲ್ಲಿ ಬಿಸಾಕಿ ಬಾ ಅಂದರು. ಬಿಸಾಕಿ ಬಂದೆ ಅಂತ ಹೇಳಿದ್ದೇನೆ. ಗಂಡನಿಗೆ ಸುಳ್ಳು ಹೇಳಿ ನಿಮ್ಮನ್ನು ನಂಬಿದ್ದೇನೆ, ನೆನಪಿರಲಿ. ಮುಂದಿನದು ಕೊನೆಯ ಬೆಳೆ.

ಇವತ್ತೂ ಫೋನ್ ಮಾಡಿದೆ. ಒಂದು ಸಲ ಎತ್ತಿದಿರಿ, ಉಸಿರು ಕೇಳಿಸಿತು, ಮಾತಾಡದೆ ಇಟ್ಟುಬಿಟ್ಟಿರಿ. ನಮ್ಮ ಮೇಲೆ ಅಷ್ಟೂ ಸಡ್ಡೆಯಿಲ್ಲವಾ ನಿಮಗೆ?

ಅಂಜನಾ


ರಾಯದುರ್ಗ
12 ಡಿಸೆಂಬರ್ 2024

ಅಂಜನಾ ಅವರಿಗೆ,

ಸಡ್ಡೆಯಿಲ್ಲದೆ ಅಲ್ಲ. ಅದಕ್ಕಿಂತ ಹೆಚ್ಚು ಈಗ ಹೇಳಲಾರೆ. ಕ್ಷಮಿಸಿ.

ಪೆಟ್ಟಿಗೆ ಬಂದಾಗಿನಿಂದ ಬೇರೆ ಕೆಲಸ ಮುಟ್ಟಿಲ್ಲ. ಅಡುಗೆಮನೆಯನ್ನೇ ನಿಮ್ಮ ಹುಳುಮನೆಯಂತೆ ಮಾಡಿ, ಕಿಟಕಿಗೆ ಗೋಣಿ ಕಟ್ಟಿ, ಹೀಟರ್ ಇಟ್ಟು ನೋಡಿದೆ. ಬೆಳಿಗ್ಗೆ ಇಪ್ಪತ್ತಾರು, ಸಂಜೆ ಇಪ್ಪತ್ತಾರು. ಬೇಕೆಂದೇ ವೋಲ್ಟೇಜ್ ಇಳಿಸಿದೆ, ಏರಿಸಿದೆ. ಹೀಟರ್ ಹಾಕಬೇಕಾದಾಗ ಹಾಕುತ್ತದೆ, ಆರಿಸಬೇಕಾದಾಗ ಆರಿಸುತ್ತದೆ. ಗುಂಡಿ ಒತ್ತಿದೆ, ಉತ್ತರ ಹೇಳಿತು. ನನಗೆ ತಿಳಿದ ಪರೀಕ್ಷೆಗಳೆಲ್ಲ ಮುಗಿದವು. ಇಲ್ಲಿ ಇಲ್ಲದ್ದು ಏನೋ ಒಂದು ಅಲ್ಲಿ ಸಂಜೆ ಹೊತ್ತು ಇದೆ. ಅದು ಏನು ಎಂದು ನನಗೆ ಹೊಳೆಯುತ್ತಿಲ್ಲ. ಪೆಟ್ಟಿಗೆಯನ್ನು ಈ ಪತ್ರದ ಜೊತೆಗೇ ವಾಪಸು ಕಳಿಸುತ್ತಿದ್ದೇನೆ.

ದಯವಿಟ್ಟು ಇಷ್ಟು ಹೇಳಿ. ಸಂಜೆ ನೀವು ತೋಟಕ್ಕೆ ಹೋದ ಮೇಲೆ ಮನೆಯಲ್ಲಿ ಏನೇನು ನಡೆಯುತ್ತದೆ? ಗ್ರೈಂಡರು, ಮೋಟಾರು, ಟಿವಿ, ಬಾಗಿಲು ತೆಗೆಯುವುದು, ಹಾಕುವುದು, ಎಷ್ಟು ಸಣ್ಣದಾದರೂ ಸರಿ. ಅವ್ವನವರನ್ನೂ ಕೇಳಿ. ನನ್ನ ಪ್ರಶ್ನೆ ನಿಮಗೆ ದಡ್ಡತನ ಅನ್ನಿಸಬಹುದು. ದಡ್ಡನಾದ ಮೇಲೆ ದಡ್ಡ ಪ್ರಶ್ನೆಯನ್ನೇ ಕೇಳಬೇಕು.

ಇಂತಿ,
ವಾಗೀಶ್


ರೊಳ್ಳ
5 ಜನವರಿ 2025

ವಾಗೀಶ್ ಅವರಿಗೆ,

ತಡವಾಗಿ ಬರೆಯುತ್ತಿದ್ದೇನೆ. ಹುಳುಮನೆ ತೊಳೆದು, ಸುಣ್ಣ ಹೊಡೆದು, ಹೊಸ ವರ್ಷದ ದಿನ ಹುಳು ತಂದೆವು. ಪೆಟ್ಟಿಗೆಯನ್ನು ಕಟ್ಟುವುದೇ ಬೇಡ ಅಂದುಕೊಂಡಿದ್ದೆ. ಅತ್ತೆ ಬಿಡಲಿಲ್ಲ. ಅದಿಲ್ಲದೆ ಬಾಗಿಲಲ್ಲಿ ಕೂತರೆ ಮನೆ ಬಿಕೋ ಅನ್ನುತ್ತದಂತೆ. ಮೊನ್ನೆ ಸಂಜೆ ಮತ್ತೆ ಮೂವತ್ತೈದು. ಓಡಿಹೋಗಿ ಹೀಟರಿನ ವೈರು ಕಿತ್ತು, ಕಿಟಕಿ ತೆಗೆದೆ. ಈ ಸಲ ಹುಳು ಇನ್ನೂ ಉಳಿದಿವೆ.

ನಿಮ್ಮ ಕಾರಣ ಸಿಕ್ಕಿತು. ವೋಲ್ಟೇಜೂ ಅಲ್ಲ, ಸೆನ್ಸಾರೂ ಅಲ್ಲ. ದೃಷ್ಟಿ.

ನಿಮ್ಮ ದಡ್ಡ ಪ್ರಶ್ನೆಯನ್ನು ಅತ್ತೆಗೆ ಓದಿ ಹೇಳಿದೆ. ಮೊದಲು ‘ಏನಿಲ್ಲ, ಏನಿಲ್ಲ’ ಅಂದರು. ನಾನು ಬಿಡಲಿಲ್ಲ. ಕೊನೆಗೆ ಹೊರಬಿತ್ತು. ಸಂಜೆ ನಾನು ಅತ್ತ ಹೋದ ಕೂಡಲೇ ಇತ್ತ ಬೀದಿಯ ಹೆಂಗಸರೆಲ್ಲ ಬಂದು ಜಗಲಿಯಲ್ಲಿ ಸೇರುತ್ತಾರಂತೆ. ಹುಳುಮನೆಯ ಹತ್ತಿರ ಹೊರಗಿನವರನ್ನು ಸೇರಿಸಿದರೆ ನಾನು ಬೈಯುತ್ತೇನೆ ಅಂತ ಇಷ್ಟು ದಿನ ಬಾಯಿಬಿಟ್ಟಿಲ್ಲ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

‘ಒಳಿಕ್ಕೆ ಯಾರ್ನೂ ಬಿಟ್ಟಿಲ್ಲ ಕಣವ್ವ, ನಿನ್ನಾಣೆ. ಹೊರಗೆ ಕೂತ್ಕಂಡು ಪೆಟ್ಗೆ ಮಾತು ಕೇಳ್ತಾರೆ, ಅಷ್ಟೇಯ. ಚಿನ್ನಕ್ಕ ಒಂದ್ ಸಲ ಒತ್ತಿದ್ರೆ ಅವಳ ಸೊಸೆ ಎರಡು ಸಲ ಒತ್ತುತಾಳೆ. ನಂಗೂ ಅವ್ವಾ ಅನ್ಲಿ ಅಂತ ಎಲ್ರಿಗೂ ಆಸೆ. ಅದೂ ಅಷ್ಟೇ, ಎಷ್ಟ್ ಸಲ ಕೇಳಿದ್ರೂ ಬೇಜಾರ್ ಮಾಡ್ಕಳಲ್ಲ. ಒಬ್ರಾದ್ ಮೇಲೆ ಒಬ್ರಿಗೆ ಹೇಳ್ತಾನೇ ಇರ್ತದೆ.’

ಊರ ಹೆಂಗಸರ ಕಣ್ಣೆಲ್ಲ ಸಂಜೆ ಸಂಜೆ ನನ್ನ ಹುಳುಗಳ ಮೇಲೆ. ಬೆಳೆ ಹೇಗೆ ಉಳಿದೀತು? ನಾಳೆ ಬೂದುಗುಂಬಳ ತಂದು ಬಾಗಿಲಿಗೆ ಕಟ್ಟುತ್ತೇನೆ. ನೀವು ಇಷ್ಟು ದಿನ ಸುಮ್ಮನೆ ತಲೆ ಕೆಡಿಸಿಕೊಂಡಿರಿ ಪಾಪ. ಪೆಟ್ಟಿಗೆಯ ತಪ್ಪಲ್ಲ.

ಅಂಜನಾ


ರಾಯದುರ್ಗ
7 ಜನವರಿ 2025

ಅಂಜನಕ್ಕನವರಿಗೆ,

ದೃಷ್ಟಿಯಲ್ಲ ಅಕ್ಕಾ. ಗುಂಡಿ.

‘ಎಷ್ಟು ಸಲ ಕೇಳಿದರೂ ಬೇಜಾರ್ ಮಾಡ್ಕಳಲ್ಲ’ ಅಂದರಲ್ಲ ಅವ್ವನವರು, ಆ ಸಾಲು ಓದಿ ಕೂತಲ್ಲೇ ಕೂತುಬಿಟ್ಟೆ. ನನ್ನ ಟೇಬಲ್ಲಿನ ಹತ್ತಿರ ಗುಂಡಿ ಒತ್ತುವವನು ನಾನೊಬ್ಬನೇ. ಒಂದು ಸಲ ಒತ್ತುತ್ತೇನೆ, ಉತ್ತರ ಕೇಳುತ್ತೇನೆ, ಸುಮ್ಮನಾಗುತ್ತೇನೆ. ಇಲ್ಲಿ ಜಗಲಿಯಿಲ್ಲ, ಹೆಂಗಸರಿಲ್ಲ. ತಪ್ಪು ಹೇಗೆ ಕಾಣಬೇಕು?

ಕೇಳಿದವರಿಗೆ ಮೊದಲು ಉತ್ತರ ಎಂದು ನಾನು ಪೆಟ್ಟಿಗೆಗೆ ಹೇಳಿಕೊಟ್ಟಿದ್ದೆ. ಅದು ಹೇಳಿದ ಹಾಗೆಯೇ ಕೇಳಿತು. ಒಬ್ಬರಿಗೆ ಉತ್ತರ ಮುಗಿಯುವಷ್ಟರಲ್ಲಿ ಮೂವರು ಒತ್ತಿರುತ್ತಾರೆ. ಅವರೆಲ್ಲರಿಗೂ ಹೇಳಿ ಮುಗಿಸುವಷ್ಟರಲ್ಲಿ ಮತ್ತೊಬ್ಬರು. ಕಾವು ನೋಡುವ ಕೆಲಸ ಹಿಂದೆ ನಿಂತು ಕಾಯುತ್ತಲೇ ಇರುತ್ತದೆ, ಅದರ ಸರದಿ ಬರುವುದೇ ಇಲ್ಲ. ಅಷ್ಟು ಹೊತ್ತೂ ಹೀಟರ್ ಉರಿಯುತ್ತಿರುತ್ತದೆ. ಹೊಸದಾಗಿ ಅಳೆಯಲು ಬಿಡುವಿಲ್ಲದ್ದರಿಂದ ಕೊನೆಯ ಸಲ ಅಳೆದ ಇಪ್ಪತ್ತಾರನ್ನೇ ಎಲ್ಲರಿಗೂ ಹೇಳುತ್ತದೆ. ಥರ್ಮಾಮೀಟರೂ ಸುಳ್ಳು ಹೇಳಲಿಲ್ಲ, ಅವ್ವನವರ ಕಿವಿಯೂ ಸರಿಯಿತ್ತು. ತಪ್ಪು ನನ್ನ ಸರದಿಯದು.

ಈಗ ಎರಡು ದಾರಿಗಳಿವೆ. ಒಂದು, ಗುಂಡಿಯ ವೈರನ್ನು ಕತ್ತರಿಸಿಬಿಡುವುದು. ಪೆಟ್ಟಿಗೆ ಮಾತಾಡುವುದಿಲ್ಲ, ಹುಳು ಉಳಿಯುತ್ತವೆ. ಇನ್ನೊಂದು, ಈ ಪತ್ರದ ಜೊತೆ ಹತ್ತಿಯಲ್ಲಿ ಸುತ್ತಿ ಇಟ್ಟಿರುವ ಚಿಪ್ಪು, ಅಂದರೆ ಪೆಟ್ಟಿಗೆಯ ಹೊಸ ತಲೆ. ಪೆಟ್ಟಿಗೆಯ ಒಳಗೆ ಅಂಥದೇ ಕಪ್ಪನೆಯದು ಕಾಲುಗಳನ್ನೂರಿ ಕೂತಿದೆ. ಅದನ್ನು ಕಿತ್ತು, ಬಿಳಿ ಚುಕ್ಕೆ ಮೇಲಕ್ಕೆ ಬರುವಂತೆ ಇದನ್ನು ಕೂರಿಸಬೇಕು. ಇದರಲ್ಲಿ ಕಾವಿಗೆ ಮೊದಲ ಸರದಿ. ಮಾತಿನ ನಡುವೆಯೇ ಆದರೂ ಬಿಟ್ಟು ಹೋಗಿ ಕಾವು ನೋಡಿ ಬರುತ್ತದೆ. ವಾಪಸು ಬಂದು ನಿಂತ ಅಕ್ಷರವನ್ನೇ ಮತ್ತೆ ಹಿಡಿಯುತ್ತದೆ. ಅಂದರೆ ಮಾತು ತುಂಡು ತುಂಡಾಗುತ್ತದೆ. ಧ್ವನಿಗೇ ಬೇರೆ ಬೋರ್ಡು ಕೊಟ್ಟರೆ ಹೀಗಾಗುವುದಿಲ್ಲ, ಆದರೆ ಅದು ಬೆಂಗಳೂರಿನಿಂದ ಬರುವವರೆಗೆ ನಿಮ್ಮ ಹುಳು ಕಾಯುವುದಿಲ್ಲ.

ನನ್ನನ್ನು ಕೇಳಿದರೆ ವೈರು ಕತ್ತರಿಸಿಬಿಡಿ. ಯಾಕೆ ಎಂದು ಹೇಳದೆ ಇರುವುದು ಇನ್ನು ಸರಿಯಲ್ಲ.

ಆ ಧ್ವನಿ ನನ್ನದು. ನಾನು ಉಗ್ಗುತ್ತೇನೆ ಅಕ್ಕಾ. ತೆಲುಗಿನವರು ನತ್ತಿ ಅನ್ನುತ್ತಾರೆ, ಇಲ್ಲಿ ನನ್ನ ಹೆಸರಿನ ಹಿಂದೆ ಆ ಪದ ಸೇರಿಸಿಯೇ ಕರೆಯುತ್ತಾರೆ. ಫೋನಿನಲ್ಲಿ ‘ಹಲೋ’ ಹೊರಡುವಷ್ಟರಲ್ಲಿ ಆ ಕಡೆಯವರು ಇಟ್ಟಿರುತ್ತಾರೆ. ಆ ದಿನ ನಿಮ್ಮ ಫೋನ್ ಎತ್ತಿದ್ದೆ, ‘ಅಂಜನಾ’ ಅನ್ನುವ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡೆ. ಶಾಲೆಯಲ್ಲಿ ಉತ್ತರ ಗೊತ್ತಿದ್ದು ಎದ್ದು ನಿಲ್ಲುತ್ತಿದ್ದೆ. ನಾನು ಬಾಯಿ ತೆರೆದು ಮುಗಿಸುವ ಮೊದಲೇ ಮೇಷ್ಟ್ರು ಮುಂದಿನ ಬೆಂಚಿಗೆ ಹೋಗಿರುತ್ತಿದ್ದರು. ಕೇಳಿದವರಿಗೆ ಮೊದಲು ಉತ್ತರ ಎಂಬ ನಿಯಮ ಪೆಟ್ಟಿಗೆಗೆ ಬಂದದ್ದು ಅಲ್ಲಿಂದ. ಒಬ್ಬನೇ ಇದ್ದಾಗ ನನ್ನ ಮಾತು ಅಷ್ಟು ಕೆಡುವುದಿಲ್ಲ. ಒಂದೊಂದು ಪದವನ್ನೂ ಬೇರೆ ಬೇರೆ ಹೇಳಿ, ಸರಿಬಂದದ್ದನ್ನು ಆರಿಸಿ ಜೋಡಿಸಿದೆ. ಇಡೀ ಜನ್ಮದಲ್ಲಿ ನಾನು ನಾಲ್ಕು ಜನರ ಎದುರಿಗೆ ತಡವರಿಸದೆ ಮಾತಾಡಿದ್ದು ನಿಮ್ಮ ಜಗಲಿಯಲ್ಲಿ ಮಾತ್ರ. ಈ ಚಿಪ್ಪು ಹಾಕಿದರೆ ಅಲ್ಲಿಯೂ ಉಗ್ಗುತ್ತೇನೆ. ಅದನ್ನು ಅವ್ವನವರು ಕೇಳುವುದು ನನಗೆ ಇಷ್ಟವಿಲ್ಲ.

ಆದರೂ ಎರಡು ದಾರಿಯನ್ನೂ ಹೇಳಿ ಚಿಪ್ಪು ಕಳಿಸಿದ್ದೇನೆ. ಮನೆ ನಿಮ್ಮದು.

ವಾಗೀಶ


ರೊಳ್ಳ
10 ಜನವರಿ 2025

ವಾಗೀಶಣ್ಣನಿಗೆ,

ನಿಮ್ಮ ಪತ್ರ ಬಂದಾಗ ಯಜಮಾನರೂ ಮನೆಯಲ್ಲಿದ್ದರು. ಬಿಸಾಕಿದ ಪೆಟ್ಟಿಗೆ ಗೋಡೆಯ ಮೇಲೆ ಕಂಡು ನನಗೆ ಚೆನ್ನಾಗಿ ಆಯಿತು, ಅದು ಬಿಡಿ. ಪತ್ರ ಓದಿ ಹೇಳಿದೆ. ‘ಮಾತು ಯಾರಿಗ್ ಬೇಕು, ವೈರು ಕತ್ತರ್ಸು’ ಅಂದರು. ನಾನೂ ಕತ್ತರಿ ಹುಡುಕಿದೆ. ಅತ್ತೆ ಗುಂಡಿಗೆ ಅಡ್ಡ ನಿಂತು, ‘ಮಾತಾಡೋರ ಬಾಯಿ ಕಟ್ಟೋದ್ ಯಾತಕ್ಕೆ? ಆ ಚಿಪ್ಪು ಹಾಕು’ ಅಂದರು.

ಹಾಕಿದೆ. ಬಿಳಿ ಚುಕ್ಕೆ ಮೇಲೆ. ಅತ್ತೆಯೇ ಗುಂಡಿ ಒತ್ತಿದರು. ‘ಹೇ… ಹೇಳ್ತೀನ್ರಿ ಅವ್ವಾ. ಕಾ… ಕಾವು ಇಪ್… ಇಪ್ಪ… ಇಪ್ಪತ್ತಾರು’ ಅಂತು. ಥರ್ಮಾಮೀಟರೂ ಇಪ್ಪತ್ತಾರು. ಅತ್ತೆ ಪೂರ್ತಿ ಕೇಳಿದರು. ಏನೂ ಅನ್ನದೆ ಎದ್ದು ಒಳಗೆ ಹೋದರು.

ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ. ಇನ್ನು ಗೂಡು ಕಟ್ಟುವವರೆಗೆ ಬರೆಯುವುದಿಲ್ಲ, ಬೆಳೆ ಕೈಗೆ ಬರುವ ಮುಂಚೆ ಅದರ ಮಾತಾಡಬಾರದು ಅಂತ ನಮ್ಮ ಕಡೆ. ಫೋನಿನ ವಿಷಯಕ್ಕೆ ನಿಮಗೆ ಬರೆದದ್ದನ್ನು ನೆನೆದು ನನಗೆ ನನ್ನ ಮೇಲೇ ಕೋಪ ಬಂದಿದೆ. ತಂಗಿ ಅಂದುಕೊಂಡು ಮರೆತುಬಿಡಿ.

ಅಂಜನಾ


ರಾಯದುರ್ಗ
25 ಜನವರಿ 2025

ಅಂಜನಾ ತಂಗಿಗೆ,

ಬೆಳೆಯ ಮಾತು ಕೇಳಬಾರದೆಂದಿರಿ, ಕೇಳುವುದಿಲ್ಲ. ಆದರೆ ಇಷ್ಟು ದಿನವಾಯಿತು. ಹುಳು ಉಳಿದಿದ್ದರೆ ಈ ಹೊತ್ತಿಗೆ ಸುದ್ದಿ ಬರಬೇಕಿತ್ತು ಅನ್ನಿಸುತ್ತದೆ. ಸುದ್ದಿ ಇಲ್ಲದ್ದಕ್ಕೆ ಏನೇನೋ ಅರ್ಥ ಮಾಡಿಕೊಳ್ಳುತ್ತಿದ್ದೇನೆ. ಹೊಸ ಸರದಿಯಲ್ಲೂ ನಾನು ಏನೋ ಮರೆತಿರಬಹುದು.

ಅವ್ವನವರು ಏನೂ ಅನ್ನದೆ ಎದ್ದುಹೋದರು ಎಂದು ಬರೆದಿದ್ದಿರಿ. ಜನ ಹಾಗೆ ಎದ್ದುಹೋಗುವುದು ನನಗೆ ಹೊಸದಲ್ಲ, ಅವರ ಮೇಲೆ ಬೇಸರವೂ ಇಲ್ಲ. ಧ್ವನಿಗೆ ಬೇರೆ ಬೋರ್ಡು ಬೆಂಗಳೂರಿನಿಂದ ಬಂದಿದೆ. ಅದನ್ನು ಹಾಕಿದರೆ ಕಾವೂ ಸರಿಯಿರುತ್ತದೆ, ಮಾತೂ ಮೊದಲಿನಂತೆ ಹರಿಯುತ್ತದೆ. ಪೆಟ್ಟಿಗೆಯನ್ನು ನಾಳೆಯ ಬಸ್ಸಿಗೇ ಹಾಕಿಸಿ. ಬೇಗನೆ ಮಾಡಿ ಕಳಿಸುತ್ತೇನೆ.

ವಾಗೀಶ


ರೊಳ್ಳ
31 ಜನವರಿ 2025

ವಾಗೀಶಣ್ಣನಿಗೆ,

ಗೂಡು ಬಿಡಿಸಿದೆವು! ಹುಳು ಗೂಡು ಕಟ್ಟಲು ಬಿಡುವ ಬಿದಿರು ತಟ್ಟೆ, ಚಂದ್ರಿಕೆಗಳ ತುಂಬ ಗೂಡು, ಗಟ್ಟಿ ಗೂಡು, ಅಲ್ಲಾಡಿಸಿದರೆ ಒಳಗೆ ಕಾಯಿ ಹಾಗೆ ಸದ್ದು. ಹಿಂದೂಪುರದ ಮಾರ್ಕೆಟ್ಟಿಗೆ ಯಜಮಾನರೇ ಹೊತ್ತುಕೊಂಡು ಹೋದರು. ಬರುವಾಗ ಹಿಪ್ಪುನೇರಳೆಗೆ ಗೊಬ್ಬರ ತಂದರು, ವ್ಯಾನಿನ ಮಾತು ಎತ್ತಲಿಲ್ಲ. ನಾನು ಹುಳುಮನೆಯ ಬಾಗಿಲಲ್ಲಿ ಕೂತು ಒಬ್ಬಳೇ ನಕ್ಕೆ. ಗೂಡು ಬಿಡಿಸುವ ಗಡಿಬಿಡಿಯಲ್ಲಿ ಬರೆಯಲು ತಡವಾಯಿತು, ಅಷ್ಟೇ. ನಿಮ್ಮ ಸರದಿಯಲ್ಲಿ ಏನೂ ತಪ್ಪಿಲ್ಲ. ಬಾಗಿಲಿಗೆ ನೆಂಟರು ಬಂದು ನಿಂತಿದ್ದರೂ ಹಾಲು ಉಕ್ಕುತ್ತಿದ್ದರೆ ಮೊದಲು ಒಲೆಯ ಹತ್ತಿರವೇ ಓಡುತ್ತೇವೆ.

ಪೆಟ್ಟಿಗೆ ಕಳಿಸುತ್ತಿಲ್ಲ. ಅತ್ತೆ ಕೊಡುವುದಿಲ್ಲ.

ಆ ದಿನ ಅವರು ಎದ್ದುಹೋದದ್ದನ್ನು ನಾನು ಅರ್ಧವೇ ಬರೆದಿದ್ದೆ, ನೀವು ಮಿಕ್ಕರ್ಧವನ್ನು ತಪ್ಪಾಗಿ ತುಂಬಿಕೊಂಡಿರಿ. ಅವರು ಹೋದದ್ದು ಕೈಕಾಲು ತೊಳೆಯಲು. ಮೊಣಕಾಲು ನೋವಿನಲ್ಲೇ ಹುಳುಮನೆಯೊಳಗೆ ಹೋಗಿ ಪೆಟ್ಟಿಗೆಯ ಎದುರಿಗೆ ಕೂತರು. ಮಾತು ಎಲ್ಲಿ ನಿಲ್ಲುತ್ತದೆ, ಹೀಟರು ಯಾವಾಗ ಆರುತ್ತದೆ ಅಂತ ನೋಡುತ್ತಾ ಬಹಳ ಹೊತ್ತು ಕೂತಿದ್ದರು. ಹೊರಗೆ ಬಂದು, ‘ಅದು ಮಾತು ನಿಲ್ಸೋದು ಹುಳ ನೋಡಕ್ಕೆ ಕಣವ್ವ’ ಅಂದರು. ಇವತ್ತಿಗೂ ಅದು ನಿಂತಾಗ ಅತ್ತೆಗೆ ಸಮಾಧಾನ.

ಮಾರನೇ ದಿನ ಜಗಲಿಗೆ ಬಂದ ಹೆಂಗಸರಿಗೆಲ್ಲ ಹೊಸ ಕಟ್ಟುಪಾಡು. ಸಂಜೆಗೆ ಒಂದೇ ಸಲ ಒತ್ತುವುದು, ಅದೂ ಅತ್ತೆಯೇ. ಪೆಟ್ಟಿಗೆ ‘ಇಪ್… ಇಪ್ಪ…’ ಅನ್ನುತ್ತಿದ್ದಾಗ ಚಿನ್ನಕ್ಕ ತಾನೇ ‘ಇಪ್ಪತ್ತಾರು’ ಅಂತ ಮುಗಿಸಿಬಿಟ್ಟಳು. ಅತ್ತೆಗೆ ಎಲ್ಲಿತ್ತೋ ಕೋಪ. ‘ಅದೇ ಹೇಳ್ತಿತ್ತಲ್ಲೇ, ನಿಂಗ್ಯಾಕೆ ಆತ್ರ? ಅದರ ಮಾತು ಅದು ಹೇಳ್ಲಿ’ ಅಂದರು. ಈಗ ಯಾರೂ ಬಾಯಿ ಹಾಕುವುದಿಲ್ಲ. ಎಲ್ಲರೂ ಸುಮ್ಮನೆ ಕೂತು ಅದು ಮುಗಿಸುವವರೆಗೆ ಕಾಯುತ್ತಾರೆ.

ಧ್ವನಿ ನಿಮ್ಮದು ಅಂತ ಅತ್ತೆಗೆ ಹೇಳಿರಲಿಲ್ಲ. ಹೇಳಬಹುದೋ ಬಾರದೋ ಅಂತ ಆ ಒಂದು ಭಾಗವನ್ನು ಓದದೆ ಬಿಟ್ಟಿದ್ದೆ. ನೆನ್ನೆ ಹೇಳಿದೆ. ‘ಕಾಗದ ತಗಾ’ ಅಂದರು. ಆಮೇಲೆ ನಿಮಗೆ ಬರೆ ಅಂತ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತಿದ್ದೇನೆ:

‘ಏನಪ್ಪಾ ವಾಗೀಶಾ, ನಾನು ಜುಂಜಮ್ಮ. ಭಾನ್ವಾರ ಬೆಳಿಗ್ಗೆ ಈ ಹುಡುಗಿ ಫೋನು ನನ್ ಕೈಲೇ ಇರ್ತದೆ. ನೀನೇ ಮಾಡು. ಅವ್ವಾ ಅನ್ನಕ್ಕೆ ಎಷ್ಟೊತ್ತಾದ್ರೂ ಆಗ್ಲಿ, ನಾನು ನಡುವೆ ಮಾತಾಡಲ್ಲ. ನೀನು ಹೇಳಿ ಮುಗಿಸೋಗಂಟ ಕಿವಿಗೆ ಇಟ್ಕಂಡೇ ಇರ್ತೀನಿ.’

ಅಂಜನಾ